ಅಂಗಿಯ ಕಿಸೆಯಲ್ಲಿದ್ದ ಬೆಳ್ಳಿಯ ಕಣ್ಣು

ಆ ದಿನ ಬೆಳಿಗ್ಗೆಯೂ ಎಲ್ಲ ಎಂದಿನಂತೆಯೇ ನಡೆದಿತ್ತು. ಬಾಗಿಲಿಗೆ ನೀರು ಹಾಕಿ, ಗೇಟಿನಲ್ಲಿ ತೂಗುತ್ತಿದ್ದ ಹಾಲಿನ ಪ್ಯಾಕೆಟ್ ಒಳಗೆ ತಂದು, ಮಧ್ಯಾಹ್ನದ ಗಂಜಿಗೆ ಕುಚ್ಚಲಕ್ಕಿಯನ್ನು ಕುಕ್ಕರಿಗೆ ಹಾಕಿದೆ. ರಾತ್ರಿ ನೆನೆಸಿಟ್ಟ ಬೆಳ್ತಿಗೆ ಅಕ್ಕಿ ರುಬ್ಬಿ, ನೀರುದೋಸೆಗೆ ಹಿಟ್ಟನ್ನು ತೆಳ್ಳಗೆ ಮಾಡಿ ಮುಚ್ಚಿಟ್ಟೆ. ದೋಸೆ ಎರೆಯುವ ಮುಂಚೆ ಬಟ್ಟೆಯನ್ನು ಮೆಷಿನ್ನಿಗೆ ಹಾಕಿಬಿಡುವುದು ನನ್ನ ಕ್ರಮ. ಹಾಕುವ ಮೊದಲು ಪ್ರತಿಯೊಂದು ಕಿಸೆಯನ್ನೂ ತಿರುವಿ ನೋಡುತ್ತೇನೆ. ಕಾನ್ವೆಂಟಿನ ಹೊಲಿಗೆ ತರಗತಿಯ ಸಿಸ್ಟರ್ ಒಬ್ಬರು ಹಿಡಿಸಿದ ಅಭ್ಯಾಸ ಅದು. ಒಳಮೈ ನೋಡದೆ ಹೊರಮೈಯನ್ನು ನಂಬಬಾರದು ಎನ್ನುತ್ತಿದ್ದರು ಅವರು.

ಇವರ ಬಿಳಿ ಅಂಗಿಯ ಕಿಸೆಯಲ್ಲಿ ಒಂದು ಸಣ್ಣ ಪೊಟ್ಟಣ ಸಿಕ್ಕಿತು. ಬೆಳ್ಳಿ ಬಂಗಾರದ ಅಂಗಡಿಯವರು ಸುತ್ತಿ ಕೊಡುವ ಗುಲಾಬಿ ಬಣ್ಣದ ತೆಳು ಕಾಗದ. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಗಂಡ ನನಗೆ ತಿಳಿಯದೆ ಒಂದು ಟವೆಲನ್ನೂ ಕೊಂಡವರಲ್ಲ. ಬಿಚ್ಚಿದೆ. ಒಳಗೆ ಒಂದು ಜೊತೆ ಬೆಳ್ಳಿಯ ಕಣ್ಣು. ತೆಳುವಾದ ತಗಡಿನ ಮೇಲೆ ಹುಬ್ಬು, ರೆಪ್ಪೆ, ನಡುವೆ ಉಬ್ಬಿದ ಗುಡ್ಡೆ. ನಮ್ಮ ಕಡೆ ಕಣ್ಣಿಗೆ ಏನಾದರೂ ಬಾಧೆ ಬಂದರೆ ನಾಗನಿಗೆ ಇಂಥ ಕಣ್ಣು ಒಪ್ಪಿಸುತ್ತೇವೆಂದು ಹರಕೆ ಹೇಳುವುದುಂಟು. ನಾಗರಪಂಚಮಿಗೆ ಇನ್ನು ಎರಡೇ ವಾರವಿತ್ತು.

ಯಾರ ಕಣ್ಣು ಎಂದು ಕೇಳಿಕೊಳ್ಳುವ ಅಗತ್ಯವೇ ನನಗೆ ಕಾಣಲಿಲ್ಲ. ಇವರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗವನ್ನು ತಪ್ಪದೆ ತೋರಿಸಿ ಎಂದು ಡಾಕ್ಟರು ಪ್ರತಿ ಸಲ ಚೀಟಿಯ ಕೆಳಗೆ ಬರೆಯುತ್ತಾರೆ. ಇವರು ಆ ಚೀಟಿಯನ್ನು ನಾಲ್ಕಾಗಿ ಮಡಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಾರೆ. ಈಗ ಕಣ್ಣಿಗೆ ಏನೋ ಆಗಿದೆ, ನನ್ನಿಂದ ಮುಚ್ಚಿಡುತ್ತಿದ್ದಾರೆ.

ಒಂದು ಸಂಶಯ ಬಂದ ಮೇಲೆ ಅದಕ್ಕೆ ಸಾಕ್ಷಿಗಳು ತಾವಾಗಿಯೇ ಸಾಲಾಗಿ ಬಂದು ನಿಲ್ಲುತ್ತವೆ. ಕೆಲವು ತಿಂಗಳಿನಿಂದ ಇವರು ದಾರಿಯಲ್ಲಿ ನನ್ನ ಎಡಬದಿಗೇ ಬಂದು, ಮೊಣಕೈ ಹಿಡಿದುಕೊಂಡು ನಡೆಯುತ್ತಿದ್ದರು. ಮದುವೆಯಾದ ಹೊಸತರಲ್ಲೂ ಕೈ ಹಿಡಿಯದ ಮನುಷ್ಯ. ಮೆಟ್ಟಿಲಿಗೆ ಯಾರೂ ಹೇಳದೆ ಪ್ರಖರವಾದ ಬಲ್ಬು ತಂದು ಹಾಕಿದ್ದರು. ಅಡುಗೆಮನೆಗೆ ಬಂದರೆ ಕಟ್ಟೆಯ ಅಂಚಿನಲ್ಲಿದ್ದ ಪಾತ್ರೆ, ಲೋಟಗಳನ್ನು ಒಂದೊಂದಾಗಿ ಮುಟ್ಟಿ ಒಳಗೆ ಸರಿಸುತ್ತಿದ್ದರು. ಮೊದಲು ಇದನ್ನೆಲ್ಲ ವಯಸ್ಸಿನ ಉಪದ್ರ ಎಂದುಕೊಂಡಿದ್ದೆ. ಆ ಬೆಳಿಗ್ಗೆ ಬೆಳ್ಳಿಯ ಕಣ್ಣನ್ನು ಅಂಗೈಯಲ್ಲಿಟ್ಟು ನಿಂತಾಗ ಬೇರೆ ಅರ್ಥ ಹೊಳೆಯಿತು. ಇವರಿಗೆ ಕಾಣುತ್ತಿಲ್ಲ, ತಡವರಿಸುತ್ತಿದ್ದಾರೆ.

ಹಿಂದಿನ ವಾರ ಇವರು ಬಜಗೋಳಿಯಲ್ಲಿರುವ ತಂಗಿಯ ಮನೆಗೆಂದು ಹೋಗಿ, ಕಾರ್ಕಳದಲ್ಲಿ ಏನೋ ಕೆಲಸ ಮುಗಿಸಿಕೊಂಡು ಬಂದಿದ್ದರು. ಇವರ ಕುಟುಂಬದ ನಾಗಬನ ಇರುವುದು ಆ ಮನೆಯ ಹಿತ್ತಲಿನಲ್ಲಿ. ಇವರು ಸ್ನಾನಕ್ಕೆ ಹೋದದ್ದೇ ತಡ, ನಾದಿನಿಗೆ ಫೋನು ಮಾಡಿದೆ. ನಾವು ಮಾತನಾಡಿದ್ದು ತುಳುವಿನಲ್ಲಿ.

"ಪಂಚಮಿಗೆ ಈ ಸಲ ಎಂತೆಂತ ಉಂಟು?" ಎಂದೆ, ಸುಮ್ಮನೆ ಕೇಳಿದಂತೆ.

"ಎಂದಿನ ಹಾಗೆ ತಂಬಿಲ ಉಂಟು ಅತ್ತಿಗೆ. ಹಾಲು, ಎಳನೀರು ಎರೆಯುವುದು. ಮತ್ತೆ…" ಅಲ್ಲಿಗೆ ಅವಳು ನಿಂತಳು. "ಮತ್ತೆಂತದ್ದೂ ಇಲ್ಲ."

"ನಿನ್ನ ಅಣ್ಣ ಹೋದ ವಾರ ಬಂದದ್ದು ಎಂತಕ್ಕೆ?"

"ಬನದ ಹತ್ರ ಹುಲ್ಲು ತೆಗೆಸ್ಲಿಕ್ಕೆ." ಮತ್ತೆ ಅವಳೇ ಕೇಳಿದಳು, "ಅತ್ತಿಗೆ, ನೀವು ಹುಷಾರಿದ್ದೀರಲ್ಲ?"

"ನನಗೆಂತ ಆಗಿದೆ?"

"ಅಯ್ಯೋ, ಹಾಲು ಉಕ್ಕಿತು, ಇಡ್ತೇನೆ ಅತ್ತಿಗೆ."

ಅವರ ದನದ ಹಾಲು ಬತ್ತಿ ತಿಂಗಳಾಗಿದೆ, ಪ್ಯಾಕೆಟ್ ಹಾಲು ಎಂಟು ಗಂಟೆಯ ಬಸ್ಸಿಗೆ ಬರುವುದು ಎಂದು ಅವಳೇ ಮೊನ್ನೆ ಹೇಳಿದ್ದಳು. ಆಗಿನ್ನೂ ಏಳೂಕಾಲು. ಉಕ್ಕಲು ಹಾಲು ಎಲ್ಲಿಂದ ಬರಬೇಕು? ಅಣ್ಣ ತಂಗಿ ಸೇರಿ ನನ್ನಿಂದ ಮುಚ್ಚುತ್ತಿದ್ದಾರೆ ಎಂಬುದು ಖಾತ್ರಿಯಾಯಿತು. ಇಷ್ಟು ಮುಚ್ಚಬೇಕಾದರೆ ವಿಷಯ ಚಿಕ್ಕದಿರಲಾರದು. ಕಾವಲಿ ಇಟ್ಟು ದೋಸೆ ಎರೆಯತೊಡಗಿದೆ. ಇವರು ಹೆಜಮಾಡಿಯ ಕಡೆ ಒಂದು ಐಸ್ ಪ್ಲಾಂಟಿನಲ್ಲಿ ಮೇಲ್ವಿಚಾರಣೆ ನೋಡುವವರು. ಮಳೆಗಾಲಕ್ಕೆ ಮೀನುಗಾರಿಕೆ ನಿಂತು ಬೋಟುಗಳು ದಡದಲ್ಲಿರುವ ಕಾಲವಾದ್ದರಿಂದ ಮನೆಯಲ್ಲಿದ್ದರು. ಕಣ್ಣು ಹೋದರೆ ಈ ಮನುಷ್ಯ ಏನು ಮಾಡಿಯಾರು? ಬೆಳಿಗ್ಗೆ ಪೇಪರು ಓದದಿದ್ದರೆ ಚಾ ಕೂಡ ರುಚಿಸುವುದಿಲ್ಲ ಇವರಿಗೆ.

ನೇರವಾಗಿ ಕೇಳಿದರೆ ಒಪ್ಪುವವರಲ್ಲ. ಹಾಗಾಗಿ ಒಂದು ಸುಳ್ಳು ಹೂಡಿದೆ. ಪೊಟ್ಟಣವನ್ನು ಮೊದಲಿನಂತೆಯೇ ಮಡಿಸಿ, ಮೇಜಿನ ಮೇಲೆ ಇವರ ಪರ್ಸಿನ ಅಡಿಯಲ್ಲಿಟ್ಟು, ತಟ್ಟೆಗೆ ಎರಡನೆಯ ದೋಸೆ ಹಾಕುತ್ತಾ ಹೇಳಿದೆ: "ನನಗೆ ಓದುವ ಕನ್ನಡಕ ಯಾಕೋ ಸಾಕಾಗ್ತಾ ಇಲ್ಲ. ಮಣಿಪಾಲದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸ್ಬೇಕು. ಒಬ್ಬಳೇ ಹೋಗ್ಲಿಕ್ಕೆ ಬೇಜಾರು. ನೀವೂ ಬನ್ನಿ."

ಇವರು ದೋಸೆಯನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ಇವತ್ತೇ ಹೋಗುವ," ಎಂದರು. "ಒಂಬತ್ತರ ಎಕ್ಸ್‌ಪ್ರೆಸ್ ಸಿಕ್ತದೆ. ನೀನು ಸೀರೆ ಉಡು, ಪಾತ್ರೆ ನಾನು ತೊಳೀತೇನೆ."

ಹಲ್ಲು ಕೀಳಿಸಲು ಒಂದೂವರೆ ವರ್ಷ ತೆಗೆದುಕೊಂಡವರು ಪಾತ್ರೆ ತೊಳೆಯಲು ಎದ್ದು ಹೋದರು. ನನಗೆ ಸಮಾಧಾನವಾಗುವ ಬದಲು ಹೆದರಿಕೆ ಹೆಚ್ಚಾಯಿತು.

ಕಾಪುವಿನಲ್ಲಿ ಬಸ್ಸು ಹಿಡಿಯಬೇಕಾದರೆ ಹೆದ್ದಾರಿ ದಾಟಬೇಕು. ಇವರು ಮತ್ತೆ ನನ್ನ ಎಡಬದಿಗೆ ಬಂದು, ಮೊಣಕೈಯನ್ನು ನೋವಾಗುವಷ್ಟು ಗಟ್ಟಿಯಾಗಿ ಹಿಡಿದರು.

"ಹೆದರ್ಬೇಡಿ, ನಾನಿದ್ದೇನೆ," ಎಂದೆ.

"ಹ್ಞೂಂ, ಇದ್ದಿ ಇದ್ದಿ," ಎಂದು ಲಾರಿಗಳತ್ತ ನೋಡುತ್ತಲೇ ಹೇಳಿ ನನ್ನನ್ನು ಆಚೆ ದಾಟಿಸಿದರು.

ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲ ತಲುಪಿದೆವು. ಆಸ್ಪತ್ರೆಯಲ್ಲಿ ಇವರನ್ನು ಕುರ್ಚಿಯಲ್ಲಿ ಕೂರಿಸಿ, ಕೌಂಟರಿನ ಹುಡುಗಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದೆ: "ಇಬ್ಬರ ಹೆಸರೂ ಬರೀರಿ. ನನ್ನದು ನೆಪಕ್ಕೆ. ನಿಜವಾಗಿ ತೋರಿಸ್ಲಿಕ್ಕೆ ಇರುವುದು ಅವರಿಗೆ."

ನಾನು ಹೆಸರು ಹೇಳಿದೆ. ಹುಡುಗಿ ಕಂಪ್ಯೂಟರಿನಲ್ಲಿ ನೋಡಿದಳು. "ನಿಮ್ಮ ಹೆಸರು ಆಗಲೇ ಉಂಟಲ್ಲ ಆಂಟಿ, ಇವತ್ತಿಗೇ. ಮೊನ್ನೆ ಅಂಕಲ್ ಫೋನ್ ಮಾಡಿ ಬರೆಸಿದ್ದು. ಅವರದ್ದು ಹೊಸತಾಗಿ ಮಾಡ್ಬೇಕು."

ನಾನು ತಿರುಗಿ ನೋಡಿದೆ. ಇವರು ಗೋಡೆಯಲ್ಲಿದ್ದ ಕಣ್ಣಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಹತ್ತಿರ ಹೋಗಿ ಕೂತೆ.

"ನನ್ನ ಹೆಸರು ಮೊನ್ನೆಯೇ ಬರೆಸಿದ್ದು ಎಂತಕ್ಕೆ?"

"ಕನ್ನಡಕ ಸಾಕಾಗ್ತಾ ಇಲ್ಲ ಅಂತ ನೀನೇ ಹೇಳಿದ್ದಲ್ವಾ?"

"ಅದು ನಾನು ಹೇಳಿದ್ದು ಇವತ್ತು ಬೆಳಿಗ್ಗೆ."

"ನಿನ್ನ ಹೆಸರು ಕರೀತಾರೆ, ಸುಮ್ಮನೆ ಕೂತ್ಕೋ ಮಾರಾಯ್ತಿ," ಎಂದರು.

ಹಾಗಾದರೆ ನನ್ನನ್ನು ಮುಂದಿಟ್ಟುಕೊಂಡು ತಮ್ಮ ಕಣ್ಣು ತೋರಿಸಲು ಬಂದಿದ್ದಾರೆ ಎಂದುಕೊಂಡೆ. ಅದು ಪೂರ್ತಿ ಹೊಂದುತ್ತಿರಲಿಲ್ಲ. ಆದರೆ ಬೇರೆ ಯಾವ ವಿವರಣೆಯೂ ನನ್ನ ತಲೆಗೆ ಬರಲಿಲ್ಲ.

ಮೊದಲು ದೂರದ ಅಕ್ಷರ ಓದಿಸಿದರು. ನಾನು ಎರಡೂ ಕಣ್ಣಿನಿಂದ ಕೊನೆಯ ಸಾಲಿನವರೆಗೆ ತಡೆಯಿಲ್ಲದೆ ಓದಿದೆ. ಎರಡು ವರ್ಷಕ್ಕೊಮ್ಮೆ ಕನ್ನಡಕದ ಅಂಗಡಿಯಲ್ಲಿ ಕೂತು ನಂಬರು ನೋಡಿಸಿಕೊಳ್ಳುವವಳು ನಾನು. ಅದನ್ನೇ ಕಣ್ಣಿನ ತಪಾಸಣೆ ಎಂದುಕೊಂಡಿದ್ದೆ. ಇವರು ಕೊನೆಯ ಎರಡು ಸಾಲಿನಲ್ಲಿ ಎಡವಿದಾಗ ನನ್ನ ಸಂಶಯವೇ ಸರಿ ಎಂದುಕೊಂಡೆ. ಆಮೇಲೆ ಗಲ್ಲವನ್ನು ಒಂದು ಯಂತ್ರದ ಮೇಲೆ ಇಡಿಸಿ, ನೀಲಿ ಬೆಳಕು ಹಾಕಿ, ಕಣ್ಣಿನ ಒಳಗಿನ ಒತ್ತಡ ನೋಡಿದರು. ರಕ್ತಕ್ಕೆ ಇರುವಂತೆ ಕಣ್ಣಿಗೂ ಒತ್ತಡ ಇರುತ್ತದೆಂದು ನನಗೆ ಗೊತ್ತಾದದ್ದು ಆಗಲೇ. ಇವರದನ್ನು ಒಮ್ಮೆ ನೋಡಿದರು. ನನ್ನದನ್ನು ಎರಡು ಸಲ ನೋಡಿದರು. ಆಮೇಲೆ ಇನ್ನೊಬ್ಬರು ಬಂದು ಮೂರನೆಯ ಸಲ ನೋಡಿದರು.

ಅದಾದ ಮೇಲೆ ನನ್ನೊಬ್ಬಳನ್ನೇ ಒಂದು ಕತ್ತಲೆ ಕೋಣೆಗೆ ಕರೆದರು. ಬೋಗುಣಿಯಂತಹ ದೊಡ್ಡ ಬಿಳಿ ಯಂತ್ರದೊಳಗೆ ಮುಖವಿಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡುತ್ತಾ ಕೂರಬೇಕು. ಅಲ್ಲಲ್ಲಿ ಸಣ್ಣ ಬೆಳಕು ಮಿನುಗುತ್ತದೆ. ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಶ್ರದ್ಧೆಯಿಂದ ಒತ್ತಿದೆ. ಎಡಗಣ್ಣಿನ ಸರದಿ ಬಂದಾಗ ಬೆಳಕು ಬರುವುದೇ ನಿಂತುಹೋಯಿತು. ಯಂತ್ರದ ಗುರುಗುರು ಸದ್ದು ಮಾತ್ರ ಕೇಳುತ್ತಿತ್ತು. ತುಂಬ ಹೊತ್ತು ಕಾದು, ಕೊನೆಗೆ ಆ ಹುಡುಗಿಗೆ ಹೇಳಿದೆ:

"ನಿಮ್ಮ ಯಂತ್ರ ಹಾಳಾಗಿದೆ ಕಾಣ್ತದೆ. ದೀಪ ಬರ್ತಾ ಇಲ್ಲ."

"ಯಂತ್ರ ಸರಿ ಉಂಟು ಆಂಟಿ. ನೀವು ಚುಕ್ಕೆ ನೋಡಿ," ಎಂದಳು.

ಎಲ್ಲರಿಗೂ ಹೀಗೆಯೇ ಹೇಳುತ್ತಾರೇನೋ ಎಂದುಕೊಂಡೆ. ಕಣ್ಣು ಸರಿ ಇದ್ದವರಿಗೂ ರೋಗ ಹಚ್ಚಿ ಕಳಿಸುತ್ತಾರೆಂದು ಮದುವೆಮನೆಗಳಲ್ಲಿ ಎಷ್ಟು ಸಲ ಕೇಳಿಲ್ಲ ನಾನು?

ಡಾಕ್ಟರು ನನಗಿಂತ ಚಿಕ್ಕ ಹೆಂಗಸು. ನಮ್ಮಿಬ್ಬರ ಕಣ್ಣಿಗೂ ಪಾಪೆ ಅಗಲವಾಗುವ ಔಷಧಿ ಬಿಟ್ಟು, ಒಳಗೆಲ್ಲ ನೋಡಿ ಮುಗಿಸಿದ್ದರು. ಮೊದಲು ಇವರ ವಿಷಯ ಹೇಳಿದರು. ಪೊರೆ ಬರಲು ಶುರುವಾಗಿದೆ. ಸಕ್ಕರೆಯಿಂದ ಕಣ್ಣಿನ ಹಿಂದಿನ ಪರದೆಯಲ್ಲಿ ಒಂದೆರಡು ಸಣ್ಣ ಚುಕ್ಕೆಗಳೂ ಬಂದಿವೆ. ಸಕ್ಕರೆ ಹತೋಟಿಯಲ್ಲಿಟ್ಟು ಆರು ತಿಂಗಳಿಗೊಮ್ಮೆ ಬಂದರೆ ಈಗ ಹೆದರುವಂಥದ್ದೇನಿಲ್ಲ. ಅಷ್ಟೇ ಅಲ್ಲವೇ ಎಂದು ನನಗೆ ಸಮಾಧಾನವಾಯಿತು. ಆದರೆ ಇವರು ಕೇಳುತ್ತಿರಲಿಲ್ಲ. ಡಾಕ್ಟರ ಮುಂದಿದ್ದ ಎರಡನೆಯ ಕಾಗದವನ್ನೇ ನೋಡುತ್ತಿದ್ದರು.

"ನಿಮ್ಮ ತಂದೆ ತಾಯಿಗೆ ಕಣ್ಣಿನ ತೊಂದರೆ ಇತ್ತಾ?" ಡಾಕ್ಟರು ಕೇಳಿದ್ದು ನನ್ನನ್ನು.

"ಅಪ್ಪನಿಗೆ ಪೊರೆ ಇತ್ತು," ಎಂದೆ.

ಹಾಗೆಂದು ನಾವೆಲ್ಲ ತಿಳಿದಿದ್ದೆವು. ಕಾರ್ಕಳದ ನಮ್ಮ ತವರಿನಲ್ಲಿ ಅಪ್ಪ ಕಾಣುವುದು ಕಡಿಮೆಯಾಗಿದೆ ಎಂದಾಗ, ಪೊರೆ ಚೆನ್ನಾಗಿ ಬಲಿಯಲಿ, ಆಮೇಲೆ ತೆಗೆಸಿದರಾಯಿತು ಎಂದು ಮನೆಯವರೆಲ್ಲ ನಿಶ್ಚಯಿಸಿದರು. ಹಲಸಿನಕಾಯಿ ಬಲಿಯುವುದನ್ನು ಕಾಯುವಂತೆ ಮೂರು ವರ್ಷ ಕಾದರು. ಕೊನೆಗೆ ಕರೆದುಕೊಂಡು ಹೋದಾಗ ಡಾಕ್ಟರು, ಪೊರೆ ತೆಗೆದರೂ ಪ್ರಯೋಜನವಿಲ್ಲ, ಹಿಂದಿನ ನರ ಒಣಗಿದೆ ಎಂದರಂತೆ. ಮುದುಕರ ನರ, ಒಣಗುವುದು ಸಹಜ ಎಂದು ನಾವು ಸುಮ್ಮನಾದೆವು. ಅದಕ್ಕೊಂದು ಹೆಸರಿದೆ, ಅದು ಮಕ್ಕಳಿಗೂ ಬರಬಹುದು, ನಲವತ್ತು ದಾಟಿದ ಮಕ್ಕಳು ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು ಎಂದು ನಮಗೆ ಯಾರಾದರೂ ಹೇಳಿದರೋ ಇಲ್ಲವೋ ನೆನಪಿಲ್ಲ. ಹೇಳಿದ್ದರೂ ನಾವು ಕೇಳಿಸಿಕೊಂಡಿರಲಾರೆವು.

"ಗ್ಲಾಕೋಮಾ," ಎಂದರು ಡಾಕ್ಟರು. "ಕಣ್ಣಿನ ಒತ್ತಡದಿಂದ ನರ ಸವೆಯುತ್ತದೆ. ನೋವಿಲ್ಲ, ಕೆಂಪಾಗುವುದಿಲ್ಲ. ಮೊದಲು ಹೋಗುವುದು ಬದಿಯ ನೋಟ. ಎದುರಿನದು ಚೆನ್ನಾಗಿಯೇ ಕಾಣ್ತದೆ. ಅದಕ್ಕೇ ನಿಮಗೆ ಗೊತ್ತಾಗಲಿಲ್ಲ."

"ನನಗೆ ಸೂಜಿಗೆ ದಾರ ಹಾಕ್ಲಿಕ್ಕೆ ಆಗ್ತದೆ," ಎಂದೆ. ದನಿ ಗಡುಸಾಯಿತೆಂದು ನನಗೇ ತಿಳಿಯಿತು. "ಎಲ್ಲ ಕಾಣ್ತದೆ ನನಗೆ."

ಅವರು ವಾದಿಸಲಿಲ್ಲ. ನನ್ನ ಬಲಗಣ್ಣಿಗೆ ನನ್ನದೇ ಅಂಗೈ ಮುಚ್ಚಿಸಿ, ತಮ್ಮ ಮೂಗನ್ನೇ ನೋಡುತ್ತಿರಲು ಹೇಳಿದರು. ಇವರನ್ನು ನನ್ನ ಎಡಬದಿಗೆ ನಿಲ್ಲಿಸಿ, "ಒಂದು ಬೆರಳು ಎತ್ತಿ, ಮೆಲ್ಲಗೆ ಮುಂದೆ ತನ್ನಿ," ಎಂದರು. ನನಗೆ, "ಬೆರಳು ಕಂಡ ಕೂಡಲೇ ಹೇಳಿ."

ನಾನು ಕಾದೆ. ಇವರು ಇನ್ನೂ ಬೆರಳು ಎತ್ತಿಲ್ಲ ಎಂದುಕೊಂಡೆ. "ಶುರು ಮಾಡಿ ನೀವು," ಎಂದು ಹೇಳಬೇಕೆನ್ನುವಷ್ಟರಲ್ಲಿ ಬೆರಳು ನನ್ನ ಕಣ್ಣಿನ ಮುಂದೆ ಬಂದೇಬಿಟ್ಟಿತ್ತು. ಇವರ ಕೈ ಪೂರ್ತಿ ಚಾಚಿತ್ತು. ಅಷ್ಟು ದೂರದಿಂದ ಬಂದ ಆ ಕೈಯನ್ನು ನಾನು ನೋಡಿರಲಿಲ್ಲ. ಇವರು ನನ್ನ ಮುಖ ನೋಡಲಾರದೆ ತಮ್ಮ ಬೆರಳನ್ನೇ ನೋಡುತ್ತಾ ನಿಂತಿದ್ದರು.

ಎಡಗಣ್ಣಿನಲ್ಲಿ ಹೆಚ್ಚು, ಬಲಗಣ್ಣಿನಲ್ಲೂ ಶುರುವಾಗಿದೆ ಎಂದರು ಡಾಕ್ಟರು. ಹೋದ ನೋಟ ಮರಳುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಅದಕ್ಕೆ ಎರಡೂ ಕಣ್ಣಿಗೆ ದಿನಾ ರಾತ್ರಿ ಒಂದೊಂದು ಹನಿ ಔಷಧಿ, ಜೀವನಪೂರ್ತಿ. ಮೂರು ತಿಂಗಳಿಗೊಮ್ಮೆ ಒತ್ತಡ ನೋಡಿಸಬೇಕು. ನನ್ನ ಅಕ್ಕ, ತಮ್ಮನಿಗೂ ತೋರಿಸಿಕೊಳ್ಳಲು ಹೇಳಬೇಕು. ಇನ್ನೆರಡು ವರ್ಷ ಬಿಟ್ಟು ಬಂದಿದ್ದರೆ ಎಂದು ಏನೋ ಹೇಳಹೊರಟವರು ನಿಲ್ಲಿಸಿದರು. ನಾನು ಅಪ್ಪನನ್ನು ನೆನೆದೆ. ಜಗಲಿಯಲ್ಲಿ ಕೂತು, ಬಂದವರ ಹೆಜ್ಜೆಯ ಸದ್ದಿಗೆ ಮುಖವೆತ್ತಿ, ಯಾರು ಎಂದು ಕೇಳುತ್ತಿದ್ದರು.

ಉಡುಪಿಗೆ ಬಂದು ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕೂತೆವು. ಔಷಧಿಯಿಂದ ಪಾಪೆ ಅಗಲವಾಗಿ ಇಬ್ಬರಿಗೂ ಗೋಡೆಯ ಬೋರ್ಡು ಓದಲಾಗುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದುದನ್ನು ಸಪ್ಲೈಯರ್ ಕಂಡ.

"ಮಣಿಪಾಲದಿಂದಲಾ? ಕಣ್ಣಿಗೆ ಮದ್ದು ಬಿಟ್ಟವರು ದಿನಾ ಬರ್ತಾರೆ ಇಲ್ಲಿ. ಬೋರ್ಡು ಬಿಡಿ, ನಾನು ಹೇಳ್ತೇನೆ. ಬನ್ಸ್ ಉಂಟು, ಗೋಳಿಬಜೆ ಉಂಟು, ಮಸಾಲೆದೋಸೆ ತಡ ಆಗ್ತದೆ."

ಬನ್ಸ್ ಮತ್ತು ಚಾ ಬಂತು. ಇವರು ನನ್ನ ಲೋಟವನ್ನು ಎಡಗಡೆಯಿಂದ ತೆಗೆದು ಬಲಗಡೆಗೆ ಇಟ್ಟರು. ಆಗ ಕೇಳಿದೆ:

"ಅಂಗಿಯ ಕಿಸೆಯಲ್ಲಿದ್ದ ಬೆಳ್ಳಿ ಕಣ್ಣು ಯಾರದ್ದು?"

ಇವರು ಚಾ ಆರಿಸುತ್ತಾ ಹೇಳಿದರು: "ದೀಪಾವಳಿಯ ಸಮಯ, ನೆನಪುಂಟಾ, ಕಾಪುವಿನಲ್ಲಿ ರೋಡು ದಾಟುವಾಗ ನಿನ್ನನ್ನು ಎಳೆದು ಹಿಂದೆ ಹಾಕಿದೆ. ಕೈ ತಿರುಚಿದ್ರಿ ಅಂತ ನೀನು ಎರಡು ದಿನ ಮಾತಾಡ್ಲಿಲ್ಲ."

"ಹೌದು."

"ಎಡಗಡೆಯಿಂದ ಬಸ್ಸು ಬರ್ತಾ ಇತ್ತು. ಹಾರ್ನ್ ಹಾಕಿಕೊಂಡೇ ಬರ್ತಾ ಇತ್ತು. ನೀನು ಅದರ ಎದುರಿಗೇ ಕಾಲು ಇಟ್ಟೆ." ಇವರ ದನಿ ತಗ್ಗಿತು. "ಆಮೇಲೆ ನೋಡ್ತಾ ಬಂದೆ. ನಿನ್ನ ಕೈ ತಾಗಿ ಕಟ್ಟೆಯ ಅಂಚಿನ ಲೋಟ ಬೀಳುವುದು ಯಾವಾಗಲೂ ಎಡಬದಿಯದ್ದು. ಮೆಟ್ಟಿಲಿನಲ್ಲಿ ನೀನು ಎರಡು ಸಲ ಎಡವಿದೆ. ನಿನ್ನ ಅಪ್ಪನ ನೆನಪಾಯ್ತು. ಹೆದರಿಕೆ ಆಯ್ತು. ಬನದಲ್ಲಿ ನಿಂತು ಹರಕೆ ಹೇಳಿದೆ. ಇವತ್ತು ಏನಾದ್ರೂ ನೆಪ ಹೇಳಿ ನಿನ್ನನ್ನು ಮಣಿಪಾಲಕ್ಕೆ ಕರ್ಕೊಂಡು ಹೋಗುವ ಅಂತ ಇದ್ದೆ, ಅಷ್ಟರಲ್ಲಿ ನೀನೇ ಹೇಳಿದೆ."

"ನಾಗನಿಗೆ ಹೇಳಿದಿರಿ, ತಂಗಿಗೆ ಹೇಳಿದಿರಿ. ನನ್ನ ಕಣ್ಣಿನ ವಿಷಯ ನನ್ನ ಹತ್ತಿರ ಮಾತ್ರ ಹೇಳಲಿಲ್ಲ."

"ಹೇಳಿದ್ರೆ ನಂಬ್ತಿದ್ದೆಯಾ? ಪೇಪರಿನ ಸಣ್ಣ ಅಕ್ಷರ ಓದುವವಳು ನೀನು. ನಿಮ್ಮದೇ ಕಣ್ಣು ಹೋಗಿದೆ, ಸಕ್ಕರೆ ಜಾಸ್ತಿಯಾಗಿದೆ ಅಂತ ನನ್ನನ್ನೇ ತಪಾಸಣೆ ಮಾಡ್ತಿದ್ದೆ."

ಬೆಳಿಗ್ಗೆಯಿಂದ ನಾನು ಮಾಡಿದ್ದು ಅದನ್ನೇ. ಆದರೂ ಸಿಟ್ಟು ಹೋಗಲಿಲ್ಲ. ದೀಪಾವಳಿಯಿಂದ ಆಷಾಢಕ್ಕೆ ಎಂಟು ತಿಂಗಳು. ಆ ಎಂಟು ತಿಂಗಳಲ್ಲಿ ಎಷ್ಟು ಹೋಯಿತೋ, ಅದನ್ನು ಯಾವ ಹನಿಯೂ ತಿರುಗಿ ತಂದುಕೊಡುವುದಿಲ್ಲ. ಇವರು ಮೊದಲ ದಿನವೇ ಆಡಿಬಿಡಬೇಕಿತ್ತು. ನಾನು ಕೇಳಿಸಿಕೊಳ್ಳುವಂಥವಳಾಗಿರಬೇಕಿತ್ತು. ಈಗಲೂ ರಾತ್ರಿ ಔಷಧಿ ಬಿಟ್ಟುಕೊಳ್ಳುವಾಗ ಒಮ್ಮೊಮ್ಮೆ ಆ ಲೆಕ್ಕ ಮನಸ್ಸಿಗೆ ಬರುತ್ತದೆ. ಆ ಬೋಗುಣಿ ಯಂತ್ರದ ಹೊಸ ಪರೀಕ್ಷೆಯ ಕಾಗದ ಕೈಗೆ ಬಂದಾಗ, ನೋಟ ಹೋದ ಜಾಗ ತೋರಿಸುವ ಕಪ್ಪು ಭಾಗ ಹಿಂದಿನಷ್ಟೇ ಇದೆಯೇ ಎಂದು ಡಾಕ್ಟರಿಗಿಂತ ಮೊದಲು ನಾನೇ ಎರಡನ್ನೂ ಪಕ್ಕದಲ್ಲಿಟ್ಟು ನೋಡುತ್ತೇನೆ. ಇಲ್ಲಿಯವರೆಗೆ ಅಷ್ಟೇ ಇದೆ. ನನ್ನ ಕಣ್ಣಿನ ಮಾತನ್ನು ಮಾತ್ರ ನಾನು ಈಗ ಪೂರ್ತಿ ನಂಬುವುದಿಲ್ಲ. ಎದುರಿಗೆ ಎಲ್ಲ ತುಂಬಿಕೊಂಡು, ಎಲ್ಲಿಯೂ ತೂತಿಲ್ಲದ ಹಾಗೆ ಕಾಣುತ್ತದೆ. ರಸ್ತೆ ದಾಟುವಾಗ ಕುತ್ತಿಗೆ ತಿರುಗಿಸಿ ಎರಡೆರಡು ಸಲ ನೋಡುತ್ತೇನೆ.

"ಹರಕೆ ಹೇಳಿ ಆಗಿದೆ, ಒಪ್ಪಿಸುವ," ಎಂದರು ಇವರು ಏಳುತ್ತಾ.

"ಒಪ್ಪಿಸುವ. ಔಷಧಿ ಇವತ್ತಿನಿಂದ," ಎಂದೆ.

ಮನೆಗೆ ಬಂದಾಗ ಸಂಜೆ ಐದೂವರೆ. ಶೀಟಿನ ಅಡಿಯಲ್ಲಿ ಹರವಿ ಹೋಗಿದ್ದ ಬಟ್ಟೆ ಅರ್ಧಂಬರ್ಧ ಒಣಗಿತ್ತು. ಮಡಿಸುತ್ತಿದ್ದಾಗ ಪಕ್ಕದ ಮನೆಯವಳು ಕಂಪೌಂಡಿನ ಆಚೆಯಿಂದ ಬಸಳೆ ಕೊಯ್ಯುತ್ತಾ ಕೇಳಿದಳು:

"ಎಲ್ಲಿಗೆ ಹೋದದ್ದು ಅಕ್ಕ, ಬೆಳಿಗ್ಗೆಯಿಂದ ಬಾಗಿಲು ಹಾಕಿತ್ತು?"

ಹೇಳಿದೆ. ಒತ್ತಡ, ನರ, ಹನಿ ಔಷಧಿ ಎಲ್ಲವನ್ನೂ ಹೇಳಿದೆ. ಹೊರಗಿನವರಲ್ಲಿ ಇದನ್ನು ಆಡಿದ್ದು ಅದೇ ಮೊದಲು. ನಾಲಿಗೆಗೆ ಆ ಹೆಸರು ಇನ್ನೂ ಹೊಂದಿರಲಿಲ್ಲ. ಅವಳು ಬಸಳೆಯ ದಂಟನ್ನು ಬಗ್ಗಿಸಿ ಮುರಿಯುತ್ತಾ, ಮಧ್ಯೆ ಮಧ್ಯೆ "ಹೌದಾ," "ಹೌದಾ" ಎನ್ನುತ್ತಾ ಕೇಳಿದಳು.

"ನಮ್ಮಲ್ಲಿ ಸದ್ಯ ಯಾರಿಗೂ ಕಣ್ಣಿನ ಉಪದ್ರ ಇಲ್ಲ ಅಕ್ಕ," ಎಂದಳು. ಬಸಳೆಯನ್ನು ಸೆರಗಿಗೆ ಹಾಕಿಕೊಂಡು ಒಳಗೆ ಹೊರಟವಳು ತಿರುಗಿ ಹೇಳಿದಳು: "ನಮ್ಮವರಿಗೆ ಕುತ್ತಿಗೆ ಮಾತ್ರ ಸರಿ ಇಲ್ಲ ನೋಡಿ. ಟಿವಿ ನೋಡುವುದಿದ್ರೆ ಮುಖ ಆಚೆ ತಿರುಗಿಸಿ ಓರೆಗಣ್ಣಿನಲ್ಲೇ ನೋಡುವುದು, ನಾಲ್ಕು ತಿಂಗಳಾಯ್ತು. ಎಣ್ಣೆ ಹಚ್ತಾ ಇದ್ದೇನೆ."